ಹಾಲೇಶಪ್ಪನ ನೇಪಾಳ

ರಾಣೆಬೆನ್ನೂರಿನಿಂದ ಯಾರೇ ಹುಬ್ಬಳ್ಳಿ ದಾಟಿ ಆಚೆಗೆ ಹೋಗುವುದಿದ್ದರೂ ಮೊದಲು ಹಾಲೇಶಪ್ಪನನ್ನು ಕೇಳಬೇಕು. ಇದು ಕಾನೂನಲ್ಲ, ಆದರೆ ಕಾನೂನಿಗಿಂತ ಗಟ್ಟಿ. ಹತ್ತಿ ಮಾರುಕಟ್ಟೆಯಲ್ಲಿ ಗುಮಾಸ್ತನಾಗಿದ್ದ ಈ ಮನುಷ್ಯ ೧೯೮೧ರಲ್ಲಿ ನೇಪಾಳಕ್ಕೆ ಹೋಗಿ ಬಂದಿದ್ದ. ಯಾತ್ರೆಯ ಬಸ್ಸಿನಲ್ಲಿ ಹಿಂಡಿನ ಜೊತೆ ಹೋದದ್ದಲ್ಲ, ತನ್ನ ಪಾಡಿಗೆ ತಾನೊಬ್ಬನೇ. ಅಂದಿನಿಂದ ಅವನು ಫಾರಿನ್ ಹಾಲೇಶಪ್ಪ. ನಿಜಲಿಂಗಪ್ಪನ ಬಟ್ಟೆ ಅಂಗಡಿಯ ಕಟ್ಟೆಯೇ ಅವನ ಪೀಠ. ಸಂಜೆ ಬಂದು ಕೂತನೆಂದರೆ ಕಾಶಿಗೆ ಹೊರಟವರು, ಮಗನನ್ನು ಮಸ್ಕತ್ತಿಗೆ ಕಳಿಸುವವರು, ಎಲ್ಲಿಗೂ ಹೋಗದವರು, ಎಲ್ಲರೂ ಸುತ್ತ ಸೇರುವರು. ಕೇಳುವವರು ಇದ್ದರೆ ಹೇಳುವವರಿಗೇನು ಬರ?

"ಗಡಿಯೊಳಗ ಕಬ್ಬಿಣದ ಸೇತುವಿ ಐತಿ," ಎನ್ನುವನು. "ಎರಡೂ ಕಡೆ ಕತ್ತಿ ಹಿಡಕೊಂಡ ಸಿಪಾಯಿಗೋಳು. ಪಾಸ್‌ಪೋರ್ಟಿನ ಮ್ಯಾಲೆ ರಾಜನ ಕೆಂಪು ಸಿಕ್ಕಾ ಬೀಳದ ಹೊರತು ನೊಣಾನೂ ದಾಟಂಗಿಲ್ಲ. ಕಠ್ಮಂಡು ಪ್ಯಾಟ್ಯಾಗ ಮೊಣಕಾಲ ಮಟ ಬರ್ಫ. ಕಾಲಚೀಲದಾಗ ನಮ್ಮ ಬ್ಯಾಡಗಿ ಖಾರಪುಡಿ ಹಾಕ್ಕೊಂಡು ನಡೀಬೇಕು. ಇಲ್ಲಾಂದ್ರ ಬೆರಳು ಉದುರತಾವ."

ಕೊನೆಗೆ ಜೇಬಿನಿಂದ ಒಂದು ನೇಪಾಳಿ ನಾಣ್ಯ ತೆಗೆದು ಕೈಯಿಂದ ಕೈಗೆ ದಾಟಿಸುವನು. ಹನ್ನೊಂದು ವರ್ಷ ಕೇಳಿ ಕೇಳಿ ಊರಿಗೆ ಇದೆಲ್ಲ ಬಾಯಿಪಾಠವಾಗಿತ್ತು. ಆ ಸೇತುವೆ, ಆ ಕತ್ತಿ, ಆ ಬರ್ಫ ಎಲ್ಲವೂ ತಾವೇ ಕಂಡಷ್ಟು ಖರೆ.

ಈ ಕಟ್ಟೆಗೆ ಒಂದು ಸಂಜೆ ಗುತ್ತೆವ್ವ ಬಂದಳು. ಗುತ್ತೆವ್ವ ಮೇಡ್ಲೇರಿ ಆಸ್ಪತ್ರೆಯ ನರ್ಸು. ವಯಸ್ಸು ಐವತ್ತರ ಹತ್ತಿರ. ಮೀಸೆ ಮೂಡದ ಗಂಡ ಹಾವು ಕಚ್ಚಿ ಸತ್ತ ಮೇಲೆ ತವರಿಗೆ ಬಂದವಳು ಅಣ್ಣ ಗುಡ್ಡಪ್ಪನ ಮನೆಯಲ್ಲೇ ಉಳಿದಳು. ಓದಿದಳು, ನೌಕರಿ ಹಿಡಿದಳು, ಪಗಾರ ಅಣ್ಣನ ಕೈಗೆ ಹಾಕಿದಳು. ಅತ್ತಿಗೆ ತೀರಿಕೊಂಡಾಗ ಕೂಸಾಗಿದ್ದ ಅಣ್ಣನ ಮಗಳು ಚೌಡವ್ವನನ್ನು ಎತ್ತಿ ಆಡಿಸಿ ಬೆಳೆಸಿದಳು. ಆ ಚೌಡವ್ವನಿಗೆ ಈಗ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಮೈಲಾರಪ್ಪನ ಮಗನ ಜೊತೆ ನಿಶ್ಚಯವಾಗಿತ್ತು. ತುಳಸಿ ಲಗ್ನ ಮುಗಿದ ಮೇಲೆ ಮದುವೆ.

"ನೇಪಾಳಕ್ಕ ಹೊಂಟೇನ್ರಿ," ಎಂದಳು ಗುತ್ತೆವ್ವ. "ಗೋರಖಪುರಕ್ಕ ಇಳದ ಮ್ಯಾಲೆ ಗಡೀಗೆ ಬಸ್ಸು ಎಲ್ಲಿಂದ? ಕಠ್ಮಂಡುದಾಗ ಒಬ್ಬಾಕಿಗೆ ಇಳಕೊಳ್ಳಾಕ ಜಾಗ ಎಲ್ಲಿ ಸಿಗತೈತಿ?"

ಕಟ್ಟೆ ನಕ್ಕಿತು. ಹಾಲೇಶಪ್ಪ ನಗಲಿಲ್ಲ. ಹನ್ನೊಂದು ವರ್ಷದಲ್ಲಿ ಬಸ್ಸು ಎಲ್ಲಿಂದ ಎಂದು ಕೇಳಿದವಳು ಇವಳೊಬ್ಬಳೇ.

"ಯಾಕವಾ, ಯಾರದಾರ ಅಲ್ಲೆ?" ಎಂದು ನಿಜಲಿಂಗಪ್ಪ ಕೆಣಕಿದ.

"ಯಾರೂ ಇಲ್ಲ. ಇಷ್ಟು ವರ್ಷ ಮಂದಿ ಹೆರಿಗಿ ಬ್ಯಾನಿ ಅಂತ ಕರದಲ್ಲೆಲ್ಲ ಹೋಗೇನಿ. ಒಮ್ಮೆ ಯಾರೂ ಕರೀದ ಕಡೆ ಹೋಗಬೇಕು ಅನಿಸೇತಿ."

ಹಾಲೇಶಪ್ಪ ಗಂಟಲು ಸರಿ ಮಾಡಿಕೊಂಡು ಪಾಸ್‌ಪೋರ್ಟಿನಿಂದ ಸುರು ಮಾಡಿದ. ಗಂಡನ ಸಹಿ ಬೇಕು, ಗಂಡ ಸತ್ತಿದ್ದರೆ ಸತ್ತ ಬಗ್ಗೆ ರಾಜನ ಕಚೇರಿಗೆ ದಾಖಲೆ ಬೇಕು, ಒಂಟಿ ಹೆಂಗಸನ್ನು ಸೇತುವೆಯಿಂದಲೇ ಹಿಂದಕ್ಕೆ ಅಟ್ಟುತ್ತಾರೆ ಎಂದೆಲ್ಲ ಹೇಳಿದ. ಬಸ್ಸಿನ ಮಾತು ಮಾತ್ರ ಬರಲಿಲ್ಲ. ಗುತ್ತೆವ್ವ ಎಲ್ಲ ಕೇಳಿ ಕೈಮುಗಿದು ಹೋದಳು. ಮುಂದಿನ ವಾರ ಹುಬ್ಬಳ್ಳಿ ಸ್ಟೇಷನ್ನಿನ ವಿಚಾರಣೆ ಕಿಟಕಿಯಲ್ಲಿ ಕೇಳಿದರೆ, ಒಳಗಿದ್ದವನು ಚಹದ ತಟ್ಟೆಯಿಂದ ಮುಖ ಎತ್ತದೆ, "ನೇಪಾಳಕ್ಕ ಪಾಸ್‌ಪೋರ್ಟ್ ಯಾಕ್ರೀ ಅಕ್ಕಾರ?" ಅಂದ. ಹಿರಿಯ ಮನುಷ್ಯನ ಮಾತು ಸುಳ್ಳು ಮಾಡುವುದು ಬೇಡವೆಂದು ಆಕೆ ಊರಲ್ಲಿ ಯಾರಿಗೂ ಇದನ್ನು ಹೇಳಲಿಲ್ಲ. ಹಾಗೆ ಮರ್ಯಾದೆ ಕಾಯುವವರ ಮರ್ಯಾದೆಯೇ ಮೊದಲು ಹೋಗುತ್ತದೆ, ಅದು ಆಕೆಗೆ ಗೊತ್ತಿರಲಿಲ್ಲ.

ಮೇ ತಿಂಗಳಲ್ಲಿ ರಜೆ ಹಾಕಿ ಹೋದಳು. ಮೂರು ವಾರಕ್ಕೆ ತಿರುಗಿ ಬಂದಳು. ಮುಖ ಬಿಸಿಲಿಗೆ ಕಪ್ಪಾಗಿತ್ತು, ಕಣ್ಣುಗಳು ಮಾತ್ರ ಹುಡುಗಿಯ ಕಣ್ಣಿನಂತೆ ಹೊಳೆಯುತ್ತಿದ್ದವು. ಬಂದವಳು ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಪಾರಾಗುತ್ತಿದ್ದಳೇನೋ. ಆದರೆ ತಾನು ಕಂಡದ್ದು ಮುಂದೆ ಹೋಗುವವರಿಗೆ ಉಪಯೋಗವಾಗಲಿ ಎಂದು ನೇರ ಕಟ್ಟೆಗೆ ಬಂದಳು.

"ಗಡಿಯೊಳಗ ಏನೂ ಇಲ್ರಿ. ಅಡ್ಡ ಒಂದು ಕಟ್ಟಿಗಿ ಐತಿ, ಅಷ್ಟ. ನಾ ದಾಟುಮುಂದ ಯಾರೂ ಹೆಸರು ಸೈತ ಕೇಳಲಿಲ್ಲ. ಕಠ್ಮಂಡುದಾಗ ಬಿಸಲು, ಧೂಳಿ, ಗಟಾರ ನಾರತೈತಿ. ಉಳ್ಳಾಗಡ್ಡಿ ಮಾರಾಕ ಹೆಣ್ಣಮಕ್ಕಳು ಕುಂತಿರತಾರ, ನಮ್ಮ ಸಂತ್ಯಾಗ ಕುಂತಂಗ. ಬರ್ಫ ಊರಾಗ ಇಲ್ಲ. ಒಂದಿನ ಮುಂಜಾನೆ ಇಳಕೊಂಡ ಮನೀ ಮಾಳಿಗಿ ಹತ್ತಿದ್ದೆ. ದೂರದಾಗ ಗುಡ್ಡ ಬೆಳ್ಳಗ ಕಂಡ್ವು. ನಿಂತು ಅತ್ತೆ ನೋಡ್ರಿ, ಯಾಕಂತ ಗೊತ್ತಿಲ್ಲ."

ನಿಜಲಿಂಗಪ್ಪ, "ಧೂಳಿ, ಗಟಾರ, ಉಳ್ಳಾಗಡ್ಡಿ. ಇದು ರಾಣಿಬೆನ್ನೂರವಾ, ನೇಪಾಳಲ್ಲ," ಎಂದ. ನಗೆ ಎದ್ದಿತು. ಸೇತುವೆ ಎಲ್ಲಿ ಎಂದ ಒಬ್ಬ. ಸಿಪಾಯಿಗಳು ಎಲ್ಲಿ ಎಂದ ಇನ್ನೊಬ್ಬ. ಪಾಸ್‌ಪೋರ್ಟಿನ ಮೇಲಿನ ಸಿಕ್ಕಾ ತೋರಿಸು ಎಂದ ಮಗದೊಬ್ಬ. ಪಾಸ್‌ಪೋರ್ಟೇ ಬೇಕಿಲ್ಲ ಎಂದಾಗ ನಗೆ ಹೆಚ್ಚಾಯಿತು. ಪುರಾವೆಗೆ ರೈಲಿನ ಟಿಕೀಟಾದರೂ ತೋರಿಸೋಣವೆಂದರೆ, ಇಳಿದಾಗ ಅದನ್ನು ಸ್ಟೇಷನ್ ಬಾಗಿಲಲ್ಲೇ ತೆಗೆದುಕೊಂಡಿದ್ದರು. ಗುತ್ತೆವ್ವ ಕೊನೆಗೆ ಚೀಲದಿಂದ ನಾಲ್ಕು ನೇಪಾಳಿ ನಾಣ್ಯ ತೆಗೆದು ಹಾಲೇಶಪ್ಪನ ಅಂಗೈಗೆ ಹಾಕಿದಳು. ನೀವಾದರೂ ಹೇಳಿ ಎಂಬಂತೆ ಅವನ ಮುಖ ನೋಡಿದಳು.

ಹಾಲೇಶಪ್ಪ ನಾಣ್ಯಗಳನ್ನು ತಿರುವಿ ನೋಡಿದ. "ಇವು ಗೋರಖಪುರ ಸ್ಟೇಷನ್ ಹೊರಗ ಚಾದಂಗಡ್ಯಾಗ ಚಿಲ್ಲರಿಗೆ ಕೊಡತಾರ. ಅಲ್ಲಿಂದ ತಂದು ಹುಬ್ಬಳ್ಳ್ಯಾಗೂ ಮಾರತಾರ. ಇದಕ್ಕ ಗಡಿ ದಾಟಬೇಕಂತ ಏನೂ ಇಲ್ಲ," ಎಂದು ವಾಪಸ್ ಕೊಟ್ಟ.

ಊರಿನ ಬಾಯಿಗೆ ಮುಚ್ಚಳ ಹಾಕುವವರು ಯಾರು? ನೇಪಾಳಕ್ಕೆ ಹೋಗಿಲ್ಲ ಅಂದಮೇಲೆ ಮೂರು ವಾರ ಎಲ್ಲಿದ್ದಳು? ಹಾವೇರಿಯ ಲಾಡ್ಜೊಂದರ ಮೆಟ್ಟಿಲ ಮೇಲೆ ಅವಳನ್ನು ಕಂಡೆ ಎನ್ನುವವನೊಬ್ಬ ಹುಟ್ಟಿಕೊಂಡ. ಜೊತೆಗೆ ಅವಳ ಆಸ್ಪತ್ರೆಯ ಕಾಂಪೌಂಡರ್ ಇದ್ದ ಎಂದು ಇನ್ನೊಬ್ಬ ಸೇರಿಸಿದ. ಅವಳ ಕೈಯಲ್ಲೇ ಹುಟ್ಟಿದ ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಕಂಡು "ಫಾರಿನ್ ಚಿಗವ್ವ" ಎಂದು ಸೀಟಿ ಹೊಡೆದರು. ಗುಡ್ಡಪ್ಪ ತಂಗಿಯ ಜೊತೆ ಮಾತು ಬಿಟ್ಟ. ಪಗಾರ ಮಾತ್ರ ಬಿಡಲಿಲ್ಲ. ಆಷಾಢ ಕಳೆಯುವ ಹೊತ್ತಿಗೆ ಬ್ಯಾಡಗಿಯಿಂದ ಮೈಲಾರಪ್ಪನ ಮಾತು ಬಂತು: ಹುಡುಗಿಯನ್ನು ಬೆಳೆಸಿದವಳ ನಡತೆ ಸರಿ ಇಲ್ಲವಂತೆ, ನಾವು ಬಂದು ವಿಚಾರಿಸುತ್ತೇವೆ, ಆಮೇಲೆ ಮದುವೆಯ ಮಾತು. ಚೌಡವ್ವ ಎರಡು ದಿನ ಊಟ ಬಿಟ್ಟಳು. ಗುತ್ತೆವ್ವನಿಗೆ ತನ್ನ ಹೆಸರು ಹೋದದ್ದು ಒಂದು ತೂಕ, ಈ ಹುಡುಗಿಯ ಲಗ್ನ ಮುರಿಯುವುದು ನೂರು ತೂಕ.

ಹಾಲೇಶಪ್ಪನ ಮನೆಗೆ ಹೋದಳು. ಅವನು ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದ.

"ನೀವು ಗೋರಖಪುರ ದಾಟಿಲ್ಲ," ಎಂದಳು, ಕೂಡ್ರದೆ. "ಚಾದಂಗಡಿ ಚಿಲ್ಲರಿ ನಿಮಗ ಗೊತ್ತೈತಿ. ಅದರಾಚೆ ಏನೂ ಗೊತ್ತಿಲ್ಲ."

ಅವನು ಗಾಬರಿಯಾಗಲಿಲ್ಲ. ಒಳಗೆ ಹೆಂಡತಿ ಇದ್ದಾಳೇನೋ ಎಂದು ಒಮ್ಮೆ ತಿರುಗಿ ನೋಡಿ ದನಿ ಇಳಿಸಿದ. "ಹೊಟ್ಟಿ ಕೆಟ್ಟಿತ್ತು. ವೇಟಿಂಗ್ ರೂಮಿನಾಗ ಬಿದ್ದಿದ್ದೆ. ಪಾಸ್‌ಪೋರ್ಟ್ ಇಲ್ಲಾಂದ್ರ ಜೇಲಿಗೆ ಹಾಕತಾರಂತ ಯಾವನೋ ಅಂದ. ತಿರುಗಿ ಬಂದೆ. ಇಲ್ಲಿ ಇಳೀತಿದ್ದಂಗ ನಿಜಲಿಂಗಪ್ಪ ಹಾರ ತಗೊಂಡು ನಿಂತಿದ್ದ. ಏನು ಹೇಳಲಿ?" ಆಮೇಲೆ ಹುಡುಗನ ಹಾಗೆ ಮುಂದೆ ಬಗ್ಗಿ ಕೇಳಿದ: "ಖರೇನ ಪಾಸ್‌ಪೋರ್ಟ್ ಬೇಕಾಗಿಲ್ಲೇನು?"

"ಬೇಕಾಗಿಲ್ಲ. ಆ ಕಟ್ಟಿಗಿ ಕೆಳಗ ಎಮ್ಮಿ ದಾಟಾಕತ್ತಿದ್ವು."

ಹಾಲೇಶಪ್ಪನ ಮುಖ ಒಮ್ಮೆಲೇ ಜೋತು ಬಿತ್ತು. ಎಮ್ಮೆ ದಾಟುವ ಗಡಿಯನ್ನು ತಾನು ದಾಟಲಿಲ್ಲ. ಆ ಹೊತ್ತಿನಲ್ಲಿ ಗುತ್ತೆವ್ವನಿಗೆ ಅವನ ಮೇಲೆ ಪಾಪ ಅನಿಸಿತು, ನಿಜಕ್ಕೂ ಅನಿಸಿತು. ಕೂಡ್ರಿಸಿ ಎಲ್ಲ ಹೇಳೋಣ, ಮುಂದಿನ ವರ್ಷ ಹೋಗಿ ಬನ್ನಿ ಅನ್ನೋಣ ಎಂದುಕೊಂಡಳು. ಅಷ್ಟರಲ್ಲಿ ಅವನ ಮುಖ ಗಟ್ಟಿಯಾಯಿತು. ತಾನು ಕಳೆದುಕೊಂಡದ್ದನ್ನು ತೋರಿಸಿಕೊಟ್ಟವರನ್ನು ಕ್ಷಮಿಸುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

"ಇದನ್ನ ಹೊರಗ ಹೇಳಿ ನೋಡು, ಯಾರು ನಂಬತಾರ," ಎಂದ. "ಬ್ಯಾಡಗಿಯವರು ಬಂದಾಗ ನನ್ನ ಕರಸ್ತಾರ. ನಾ ಏನಂತೀನೋ ಅದು ಖರೆ. ನಾ ಕಂಡಂಗ ನೀ ಹೇಳು. ಸೇತುವಿ, ಸಿಪಾಯಿ, ಸಿಕ್ಕಾ, ಬರ್ಫ, ಎಲ್ಲ. ಹೌದು ಹೋಗ್ಯಾಳ ಅಂತ ನಾ ಅಂತೀನಿ. ಕೂಸಿನ ಲಗ್ನ ಆಕ್ಕೈತಿ."

"ನಾ ಖರೇನ ಹೋಗೇನಿ, ಹಾಲೇಶಪ್ಪ."

"ಅದಕ್ಕ ನಿನಗ ಇಷ್ಟು ತ್ರಾಸ," ಎಂದು ಅವನು ಅಡಿಕೆ ಬಾಯಿಗೆ ಹಾಕಿಕೊಂಡ.

ಬ್ಯಾಡಗಿಯವರು ಬಂದ ದಿನ ಗುಡ್ಡಪ್ಪನ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಮೈಲಾರಪ್ಪ ನಡುವೆ ಕೂತ. ಅವನ ಪಕ್ಕ ಹಾಲೇಶಪ್ಪ, ಇಸ್ತ್ರಿ ಮಾಡಿದ ಧೋತರದಲ್ಲಿ. ಗುತ್ತೆವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಒಳಗೆ ಚೌಡವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

"ಹೇಳವಾ, ಎಲ್ಲಿ ಹೋಗಿದ್ದಿ?" ಎಂದ ಮೈಲಾರಪ್ಪ.

ಗುತ್ತೆವ್ವ ಹೇಳಿದಳು. ಕಬ್ಬಿಣದ ಸೇತುವೆ ಎಂದಳು. ಕತ್ತಿ ಹಿಡಿದ ಸಿಪಾಯಿಗಳು ಎಂದಳು. ಪ್ಯಾಟ್ಯಾಗ ಬರ್ಫ ಎಂದಳು. ಒಂದೊಂದು ಮಾತಿಗೂ ಜಮಖಾನೆಯ ಮೇಲಿನ ತಲೆಗಳು ಹೌದು ಹೌದು ಎಂದು ಆಡಿದವು. ಕಟ್ಟೆಯ ಮೇಲೆ ಖರೆ ಹೇಳಿದಾಗ ನಕ್ಕ ತಲೆಗಳೇ ಅವು. ಮಾಳಿಗೆಯ ಮೇಲಿಂದ ಕಂಡ ಬೆಳ್ಳನೆಯ ಗುಡ್ಡ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು.

"ಸಿಕ್ಕಾ ಎಲ್ಲಿ ಮತ್ತ?" ಎಂದು ಮೈಲಾರಪ್ಪ ಕೇಳಿದ.

ಅವಳು ಬಾಯಿ ತೆರೆಯುವ ಮೊದಲೇ ಹಾಲೇಶಪ್ಪ ನಡುವೆ ಬಂದ. "ಹೆಣ್ಣಮಕ್ಕಳಿಗೆ ಬ್ಯಾರೆ ಚೀಟಿ ಇರತೈತ್ರಿ. ಬರುಮುಂದ ಸಿಪಾಯಿಗೋಳು ವಾಪಸ್ ತಗೋತಾರ. ಹೋಗ್ಯಾಳ ತಗೀರಿ, ಖರೇ ಹೋಗ್ಯಾಳ. ಅವತ್ತು ಕಟ್ಟಿ ಮ್ಯಾಲೆ ಗಾಬರಿಯಾಗಿ ಏನೇನೋ ಅಂದಿತ್ತು ಪಾಪ." ಆಮೇಲೆ ಅವಳ ಕಡೆ ತಿರುಗಿ, ತಪ್ಪು ತಿದ್ದುವ ಮಾಸ್ತರನಂತೆ, "ಕಾಲಚೀಲದಾಗಿನ ಖಾರಪುಡಿ ಹೇಳಾಕ ಮರತೆಲ್ಲ ತಂಗಿ," ಎಂದ.

"ಹೌದ್ರಿ. ಖಾರಪುಡಿ ಹಾಕ್ಕೊಂಡಿದ್ದೆ," ಎಂದಳು ಗುತ್ತೆವ್ವ.

ಮೈಲಾರಪ್ಪನಿಗೆ ಖುಷಿಯಾಯಿತು. ತನ್ನೂರಿನ ಮೆಣಸಿನಕಾಯಿ ಅಷ್ಟು ದೂರ ಕೆಲಸ ಮಾಡಿದ್ದು ಕೇಳಿ ತೊಡೆ ತಟ್ಟಿ ನಕ್ಕ. ಎಲೆ ಅಡಿಕೆ ಬಂತು, ಮದುವೆ ಗಟ್ಟಿಯಾಯಿತು.

ಅಲ್ಲಿಗೆ ಮುಗಿಯಿತೆಂದರೆ ಮುಗಿಯಲಿಲ್ಲ. ಶ್ರಾವಣದಲ್ಲಿ ನಿಜಲಿಂಗಪ್ಪನ ತಾಯಿ ಗುತ್ತೆವ್ವನನ್ನು ಹುಡುಕಿಕೊಂಡು ಬಂದಳು. ಸಾಯುವ ಮೊದಲು ಪಶುಪತಿನಾಥನನ್ನು ನೋಡಬೇಕೆಂಬ ಆಸೆ ಮುದುಕಿಗೆ. ಮಗ ಕರೆದುಕೊಂಡು ಹೋಗುವುದಿಲ್ಲ, ಒಬ್ಬಳೇ ಹೋದರೆ ಹೇಗೆ ಎಂದು ಕೇಳಿದಳು. ಬಸ್ಸು ಎಲ್ಲಿಂದ, ಮನೆ ಎಲ್ಲಿ, ಎಲ್ಲವೂ ಗುತ್ತೆವ್ವನ ಬಾಯಲ್ಲಿತ್ತು. ಎದುರು ಮನೆಯ ಜಗಲಿಯಲ್ಲಿ ನಾಲ್ಕು ಮಂದಿ ಕಿವಿ ನೆಟ್ಟಗೆ ಮಾಡಿ ಕೂತಿದ್ದರು.

"ಪಾಸ್‌ಪೋರ್ಟ್ ಬೇಕಾಕ್ಕೈತಿ ಆಯಿ. ಬರ್ಫ ಭಾಳ," ಎಂದಳು. ಮುದುಕಿ ಮಂಡಿ ಹಿಡಿದುಕೊಂಡು ಎದ್ದು ಮನೆಗೆ ಹೋಯಿತು. ಆವತ್ತು ಗುತ್ತೆವ್ವನಿಗೆ ತನ್ನ ಮೇಲೆ ಎಂಥ ಹೇಸಿಗೆ ಬಂತೆಂದರೆ ಊಟ ಸೇರಲಿಲ್ಲ.

ಮದುವೆಯಾಯಿತು. ಹುಡುಗಿ ಗಂಡನ ಮನೆಗೆ ಹೊರಡುವ ಮಧ್ಯಾಹ್ನ ಗುತ್ತೆವ್ವ ಒಳಕೋಣೆಯಲ್ಲಿ ಅವಳ ಟ್ರಂಕು ತುಂಬುತ್ತಿದ್ದಳು. ಸೀರೆಗಳ ನಡುವೆ ಬೇವಿನ ಎಲೆ ಇಟ್ಟು ಮಡಿಸುತ್ತಿದ್ದಳು. ಚೌಡವ್ವ ಬಂದು ಬಾಗಿಲು ಮುಂದಕ್ಕೆ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಸೋದರತ್ತೆಯ ಭುಜಕ್ಕೆ ತಲೆ ಇಟ್ಟು ಒಂದಿಷ್ಟು ಅತ್ತಳು. ಗುತ್ತೆವ್ವ ಅವಳ ಬೆನ್ನು ಸವರಿದಳು. ಈ ಒಂದು ಹುಡುಗಿಗಾಗಿ ಏನೆಲ್ಲ ಹೇಳಿದೆ, ಹೇಳಿದ್ದು ಸಾರ್ಥಕ ಅನಿಸಿತು.

"ಅತ್ತಿ," ಎಂದಳು ಚೌಡವ್ವ ಕಣ್ಣೊರೆಸಿಕೊಂಡು. "ಇನ್ನ ಎಲ್ಲಾ ಮುಗೀತಲ್ಲ. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ, ನನ್ನ ಆಣಿ. ನನಗರೆ ಖರೆ ಹೇಳು. ಅಂವ ಯಾರು?"

ಗುತ್ತೆವ್ವನ ಕೈ ಸೀರೆಯ ಮೇಲೆ ನಿಂತಿತು. "ನಾ ಒಬ್ಬಾಕೇ ಹೋಗಿದ್ನೆವಾ. ನೇಪಾಳಕ್ಕ," ಎಂದಳು.

ಚೌಡವ್ವ ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೊಸ ಬಳೆಗಳು ಸದ್ದು ಮಾಡಿದವು. ಅವಳ ಮುಖದ ತುಂಬ ಕನಿಕರವಿತ್ತು, ಪ್ರೀತಿಯೂ ಇತ್ತು.

"ಹೇಳಬ್ಯಾಡ ಬಿಡು ಅತ್ತಿ," ಎಂದಳು. "ನಾ ಏನೂ ತಪ್ಪು ತಿಳಕೊಂಡಿಲ್ಲ." ಹೊರಗೆ ಗಾಡಿಯವನು ಕೂಗಿದ, ಅವಳು ಎದ್ದು ಹೋದಳು.