ಹುಳಿಹಿಟ್ಟಿನ ಗಡಿಗೆ

ಯೆಹೂದ್ಯರ ಪಾಸ್ಕ ಹಬ್ಬದ ರಾತ್ರಿಯೇ ತಮ್ಮ ಹಬ್ಬವೂ ಬರುವುದಾದರೂ ಅವರನ್ನು ಕೇಳಿ ದಿನ ಗೊತ್ತುಮಾಡುವುದಿಲ್ಲವೆಂದು ಸ್ಮುರ್ನದ ಕ್ರೈಸ್ತ ಸಭೆಯ ಹಿರಿಯ ಜೋಟಿಕ ಎಲ್ಲರೆದುರು ಹೇಳಿಬಿಟ್ಟಿದ್ದ. ಆದರೆ ತಿಂಗಳ ಮೊದಲ ಚಂದ್ರ ಮೋಡದಲ್ಲಿ ಮುಚ್ಚಿಹೋಗಿ, ಅದು ಕಂಡಂದಿನಿಂದ ದಿನ ಎಣಿಸುವ ಅವನ ಲೆಕ್ಕ ತಪ್ಪಿತ್ತು. ಇಂದು ಸಂಜೆಯೊಳಗೆ ದಿನ ಸಾರದಿದ್ದರೆ ಮರ್ಯಾದೆ ಹೋಗುತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಯೆಹೂದಿ ಹೆಂಗಸು ಯೋಖೇಬೆದ ಒಂದು ಗಡಿಗೆ ಹಿಡಿದು ಬಂದು ಜೋಟಿಕನ ಹೆಂಡತಿಯನ್ನು ಕೂಗಿದಳು.

"ಅಮ್ಮಿಯಾ, ಈ ಹುಳಿಹಿಟ್ಟು ನೀನೇ ಇಟ್ಕೊಳೇ. ನಾಳೆ ಮಧ್ಯಾಹ್ನದ ಮೇಲೆ ಇದು ನಮ್ಮನೇಲಿ ಇರೋ ಹಾಗಿಲ್ಲ."

ಅವಳು ಹೋದದ್ದೇ ತಡ, ಜೋಟಿಕನ ಮುಖ ಅರಳಿತು.

"ಪಾಸ್ಕ ಶುರುವಾಗೋ ಮೊದ್ಲು ಅವರು ಮನೇಲಿರೋ ಹುಳೀನೆಲ್ಲ ಹೊರಗೆ ಹಾಕ್ತಾರೆ. ಅಂದ್ರೆ ನಾಳೆ ರಾತ್ರೀನೇ ಹಬ್ಬ. ನಾನಂತೂ ಯಾರನ್ನೂ ಕೇಳ್ಲಿಲ್ಲ, ನೋಡು."

"ಹೋದ್ವರ್ಷಾನೂ ನೀವು ಕೇಳಿರ್ಲಿಲ್ಲ ಬಿಡಿ," ಎನ್ನುತ್ತ ಅಮ್ಮಿಯಾ ಅದೇ ಹುಳಿ ಬೆರೆಸಿ ಹಬ್ಬದ ರೊಟ್ಟಿಗೆ ಹಿಟ್ಟು ನಾದತೊಡಗಿದಳು.