ಆರಿನ್ ಕಂಡ ಬಿರುಕು

ಅಕ್ಟೋಬರಿನ ಒಂದು ಬೆಳಿಗ್ಗೆ ಆರಿನ್ ಗುಡ್ಡದಿಂದ ಇಳಿದು ಬಂದು ನನ್ನ ಟಿಕೆಟ್ ಕಿಟಕಿಯ ಮುಂದೆ ನಿಂತ. ಕೈಗವಸು ಕಳಚಲಿಲ್ಲ.

"ಟ್ರೂಡಿ, ಮೇಲಿನ ದೊಡ್ಡ ಗಾಲಿಯ ಅಚ್ಚು ಬಿರುಕು ಬಿಟ್ಟಿದೆ ಕಣೇ."

ಮೊಂಟಾನಾದ ನಮ್ಮ ಪುಟ್ಟ ಊರಿಗೆ ಇದ್ದದ್ದು ಅದೊಂದೇ ಸ್ಕೀ ಲಿಫ್ಟ್; ಹಿಮದ ಮೇಲೆ ಜಾರಲು ಬಂದವರನ್ನು ತಂತಿಗೆ ತೂಗಿದ ಕುರ್ಚಿಗಳಲ್ಲಿ ಗುಡ್ಡದ ತುದಿಗೆ ಏರಿಸುತ್ತಿತ್ತು. ನಲವತ್ತೊಂದು ವರ್ಷದಿಂದ ಅದನ್ನು ನೋಡಿಕೊಂಡವನು ಆರಿನ್. ಲಿಫ್ಟ್ ಮಾಡಿದ ಕಂಪನಿ ಎಂದೋ ಮುಚ್ಚಿಹೋಗಿತ್ತು. ಆ ಅಚ್ಚು ಎಲ್ಲೂ ಸಿಗಲಿಲ್ಲ. ಹೊಸ ಲಿಫ್ಟಿಗೆ ನಲವತ್ತು ಲಕ್ಷ ಡಾಲರ್ ಎಂದರು. ಊರಿನಲ್ಲಿದ್ದವರು ಆರುನೂರು ಜನ.

ಶಾಲೆಯ ಜಿಮ್‌ನಲ್ಲಿ ಸಭೆ ಸೇರಿತು. ಆರಿನ್‌ನ ಹೆಂಡತಿಯ ತಮ್ಮ ಡೆಲ್ಮರ್ ಎದ್ದು ನಿಂತ. ಗುಡ್ಡದ ಬುಡದ ಹೋಟೆಲು ಅವನದು.

"ಕೂದಲೆಳೆಯಷ್ಟು ಬಿರುಕು, ಭಾವ! ಇನ್ನೊಂದು ಚಳಿಗಾಲ ತಳ್ಳೋಕಾಗ್ತಿರ್ಲಿಲ್ವಾ? ನೀನು ಬಾಯಿ ಮುಚ್ಕೊಂಡಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ನನಗೆ ಗೊತ್ತಿತ್ತಲ್ಲೋ," ಎಂದ ಆರಿನ್. "ಮೊದಲ ಕುರ್ಚೀಲಿ ನಿನ್ನ ಮೊಮ್ಮಗಳನ್ನ ಕೂರಿಸ್ತೀನಿ ಅನ್ನು. ಈಗಲೇ ಹೋಗಿ ಸ್ವಿಚ್ ಹಾಕ್ತೀನಿ."

ಡೆಲ್ಮರ್ ಕೂತುಬಿಟ್ಟ. ಲಿಫ್ಟ್ ನಿಲ್ಲಿಸುವುದೆಂದು ತೀರ್ಮಾನವಾಯಿತು.

ಆ ಚಳಿಗಾಲ ಹಿಂದೆಂದೂ ಇಲ್ಲದಷ್ಟು ಹಿಮ ಬಿತ್ತು. ಜನವರಿಯಲ್ಲಿ ಡೆಲ್ಮರ್ ಹೋಟೆಲಿಗೆ ಬೀಗ ಹಾಕಿದ. ಕಾಫಿ ಅಂಗಡಿಯಲ್ಲಿ ಆರಿನ್ ಕೂತರೆ ಪಕ್ಕದವರಿಗೆ ಇದ್ದಕ್ಕಿದ್ದಂತೆ ಕೆಲಸ ನೆನಪಾಗುತ್ತಿತ್ತು. ಅವನು ಸರಿ ಎಂದು ಎಲ್ಲರಿಗೂ ಗೊತ್ತಿತ್ತು. ಅದನ್ನು ಅವನ ಮುಖಕ್ಕೆ ಹೇಳಿದವರಿಲ್ಲ. ನಾನೂ ಹೇಳಲಿಲ್ಲ, ನನ್ನ ಕೆಲಸವೂ ಹೋಗಿತ್ತು.

ಮೇ ತಿಂಗಳಲ್ಲಿ ಕುರ್ಚಿಗಳನ್ನು ಮಾರಿದರು. ಒಂದೊಂದನ್ನೇ ಬಿಚ್ಚಿ ಇಳಿಸುವ ಕೆಲಸಕ್ಕೂ ಆರಿನ್ ಬಿಟ್ಟರೆ ಬೇರೆ ಯಾರಿದ್ದರು? ನಾನು ಚೀಟಿ ನೋಡಿ ಕೊಂಡವರ ಹೆಸರು ಕೂಗುತ್ತಿದ್ದೆ. ಜನ ಜಗಲಿಯಲ್ಲಿಡಲೆಂದು ಒಯ್ಯುತ್ತಿದ್ದರು. ಹದಿನೇಳನೆಯದು ಡೆಲ್ಮರನದು.

ಅವನು ಟ್ರಕ್ಕಿನಿಂದ ಇಳಿಯಲೇ ಇಲ್ಲ. ಆರಿನ್ ಒಬ್ಬನೇ ಕುರ್ಚಿಯನ್ನು ಎತ್ತಿ ಹಿಂದೆ ಇಟ್ಟ. ಹಗ್ಗ ಬಿಗಿದು, ಎರಡು ಸಲ ಎಳೆದು ನೋಡಿದ.

"ತಿರುವಲ್ಲಿ ನಿಧಾನ ಕಣೋ," ಎಂದ.

ಡೆಲ್ಮರ್ ಗಾಜು ಏರಿಸಿದ. ಟ್ರಕ್ಕು ಕೆಸರು ಹಾರಿಸಿಕೊಂಡು ಹೋಯಿತು.

ಆರಿನ್ ಸ್ಪ್ಯಾನರ್ ಹಿಡಿದು ಅದು ಹೋದ ದಾರಿಯನ್ನೇ ನೋಡುತ್ತ ನಿಂತಿದ್ದ. ನೀನು ಮಾಡಿದ್ದು ಸರಿ ಎನ್ನಲು ಹೊರಟವಳು ಕೈಯಲ್ಲಿದ್ದ ಚೀಟಿಯತ್ತ ಕಣ್ಣು ಇಳಿಸಿದೆ.

"ಮುಂದಿನ ಹೆಸರು ಕೂಗು, ಟ್ರೂಡಿ," ಎಂದ ಅವನು.