ವೃತ್ತದೊಳಗೆ ಐದು ಚುಕ್ಕಿ

ಮಬ್ಬು, ಪಕ್ಕದ ಗುಳಿಯಲ್ಲೂ ಮಬ್ಬು, ಅದರಾಚೆಯದರಲ್ಲೂ — ದೀಪಶ್ರೀ ಲ್ಯಾಬಿನ ಕಿಟಕಿಗೆ ಸಾಲು ಗುಳಿಗಳ ಟ್ರೇ ಹಿಡಿದು ನೋಡುತ್ತಾಳೆ, ಗುಳಿಯಿಂದ ಗುಳಿಗೆ ಔಷಧಿ ಇಮ್ಮಡಿಯಾಗುತ್ತ ಹೋಗುತ್ತೆ, ಎಲ್ಲೋ ಒಂದು ಕಡೆ ಯೀಸ್ಟ್ ಸೋತು ನೀರು ತಿಳಿಯಾಗಬೇಕು, ಈ ಹದಿನೇಳನೇ ನಂಬರಿನದ್ದು ಕೊನೇ ಗುಳಿವರೆಗೂ ಮಬ್ಬೇ, ಹಾಳಾದ್ದೇ, ಸಾಯೋದೇ ಇಲ್ವಾ ನೀನು. ಸತ್ತಿದ್ದು ಕಾರ್ಗಲ್ಲಿನ ಮೀನಾಕ್ಷಮ್ಮ, ಹೋದ ಜೂನಿನಲ್ಲಿ, ರಕ್ತಕ್ಕೇ ಯೀಸ್ಟ್ ಸೇರಿ, ಫ್ರೀಜರಿನಲ್ಲಿ ಎತ್ತಿಟ್ಟಿದ್ದ ಅದೇ ಯೀಸ್ಟ್ ಇದು. ಹಳೇ ಬಿಲ್ಲೆ ಪರೀಕ್ಷೆ, ಈ ಗುಳಿ ಪರೀಕ್ಷೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣಮ್ಮ, ನಮ್ಮ ಬಿಲ್ಲೆನ ಎಷ್ಟು ನಂಬಬಹುದು ಗೊತ್ತಾಗ್ಲಿ, ಲ್ಯಾಬ್ ನೋಡಿಕೊಳ್ಳೋ ಗಣೇಶಮೂರ್ತಿ ಡಾಕ್ಟ್ರು ನಗುತ್ತಲೇ ಹೇಳಿದ್ದರು, ಅವರಿಗೇನು ಗೊತ್ತು. ಆ ಜೂನಿನಲ್ಲಿ ಬಿಲ್ಲೆ ಇಟ್ಟವಳು ಇವಳೇ, ಪ್ಲೇಟಿನ ತುಂಬ ಯೀಸ್ಟ್, ನಡುವೆ ಔಷಧಿಯ ಬಿಲ್ಲೆ, ಸುತ್ತ ಯೀಸ್ಟ್ ಬೆಳೆಯದ ಖಾಲಿ ವೃತ್ತ, ಸ್ಕೇಲಿಟ್ಟರೆ ಇಪ್ಪತ್ತೆರಡು ಮಿಲಿಮೀಟರ್, ಒಳ್ಳೇ ಅಗಲ, ಔಷಧಿ ನಾಟಿದ ಗುರುತು, ಆದರೆ ಒಳಗೆ ಸಾಯದೆ ಉಳಿದ ಐದು ಬಿಳಿ ಚುಕ್ಕಿ. ಅಂಚಿನ ಸಣ್ಣಪುಟ್ಟದ್ದನ್ನ ಲೆಕ್ಕಕ್ಕೆ ತಗೋಬೇಡಿ ಅಂತ ಕಲಿಸಿದ್ದರು, ಸರಿ, ಇವು ಅಂಚಿನಲ್ಲಿರಲಿಲ್ಲವಲ್ಲ, ಬಿಲ್ಲೆಯ ಮಗ್ಗುಲಲ್ಲೇ ಕೂತಿದ್ದವಲ್ಲ, ಅವನ್ನೇ ಎತ್ತಿ ಇನ್ನೊಂದು ಪ್ಲೇಟಿಗೆ ಹಾಕಿ ಮತ್ತೆ ಪರೀಕ್ಷಿಸಿದ್ದರೆ ಒಂದೆರಡು ದಿನ ತಡ, ಅಷ್ಟೇ, ಆದರೆ ಬಾಗಿಲಲ್ಲಿ ಮೀನಾಕ್ಷಮ್ಮನ ಗಂಡ ಕೆರಿಯಪ್ಪ ಬೆಳಗಿಂದ ನಿಂತೇ ಇದ್ದ, ಮೇಡಂ, ಔಷಧಿ ನಾಟ್ತದಾ, ನಮ್ಮನೇವ್ಳು ಕಣ್ಣೇ ಬಿಡ್ತಿಲ್ಲ. ನಾಟ್ತದೆ ಕೆರಿಯಪ್ಪಣ್ಣ, ಧೈರ್ಯವಾಗಿರಿ. ಅವನ ಮುಖ ನೋಡಲಾರದೆ ಹೇಳಿದ್ದು, ರಿಪೋರ್ಟಿನಲ್ಲೂ ಹಾಗೇ ಬರೆದದ್ದು, ಅದೇ ಔಷಧಿ ಒಂಬತ್ತು ದಿನ ಏರಿಸಿದ್ದು.

ದೀಪಕ್ಕಾ, ಕೌಂಟರಿನಿಂದ ಸುಷ್ಮಾ, ಕಾರ್ಗಲ್ಲಿನ ಕೆರಿಯಪ್ಪ ಬಂದಾರೆ, ಶುಗರ್ ನೋಡಿಸ್ಬೇಕಂತೆ, ನಿಮ್ಮ ಕೈಲೇ ರಕ್ತ ತೆಗೆಸ್ಕೊಳ್ಳೋದಂತೆ. ಅಯ್ಯೋ ದೇವ್ರೇ, ಇವತ್ತೇ ಬರಬೇಕಾ — ಟ್ರೇ ಮುಚ್ಚಿಡುತ್ತಾಳೆ, ರಿಜಿಸ್ಟರಿನಲ್ಲಿ ಹದಿನೇಳರ ಮುಂದೆ ಬಿಲ್ಲೆಯ ಕಾಲಮ್ಮಿನಲ್ಲಿ ನಾಟುತ್ತದೆ ಅಂತ ಅವಳದೇ ಅಕ್ಷರ, ಪಕ್ಕದ ಗುಳಿಯ ಕಾಲಂ ಇನ್ನೂ ಖಾಲಿ. ಕೆರಿಯಪ್ಪ ಅಂಗಿಯ ತೋಳು ಮಡಿಸಿ ಕೂತಿದ್ದಾನೆ, ಸೊರಗಿದ್ದಾನೆ. ಅವತ್ತು ಎಲ್ರೂ ಕೈ ಚೆಲ್ಲಿದ್ರು ಮೇಡಂ, ನೀವೊಬ್ರೇ ಧೈರ್ಯ ಹೇಳಿದ್ದು, ಅದನ್ನ ಮರೆಯಕ್ಕಾಗಲ್ಲ. ಅವಳು ರಬ್ಬರ್ ಕಟ್ಟುತ್ತಾಳೆ, ನರ ಹುಡುಕುತ್ತಾಳೆ, ಹೇಳಿಬಿಡು, ಈಗಲೇ ಹೇಳಿಬಿಡು, ಕೆರಿಯಪ್ಪಣ್ಣ, ಅವತ್ತು ನಾನು — ಏನ್ ಮೇಡಂ, ಅವನು ಮುಖ ಎತ್ತುತ್ತಾನೆ, ಅದೇ ಬಾಗಿಲಲ್ಲಿ ನಿಂತಿದ್ದ ಕಣ್ಣು, ನಂಬಿದ ಕಣ್ಣು, ಖಾಲಿ ವೃತ್ತ, ಒಳಗೆ ಐದು ಚುಕ್ಕಿ, ಬಿಳಿ, ಐದು, ಅವಳು ಎಣಿಸಿದ್ದಳು, ಆಗಲೇ ಎಣಿಸಿದ್ದಳು, ಐದು.